ಲೌಂಜಿನಲ್ಲಿ ಊಟ, ವಿಮಾನದಲ್ಲಿ ನಿದ್ದೆ

ಹೋದ ಸಂಚಿಕೆಯಲ್ಲಿ ಒಬ್ಬರಿಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ಬಗ್ಗೆ ಬರೆಯುವಾಗ 'ಜೊತೆಗೆ ಲೌಂಜ್ ಕೂಡ ಸಿಗುತ್ತೆ' ಅಂತ ಒಂದು ಸಾಲು ಸೇರಿಸಿದ್ದೆ. ಲೌಂಜ್ ಅಂದರೆ ವಿಮಾನ ಹೊರಡುವವರೆಗೆ ಆರಾಮಾಗಿ ಕೂತು ತಿಂದು ಕುಡಿಯಲು ನಿಲ್ದಾಣದೊಳಗೇ ಇರುವ ವಿಶೇಷ ಜಾಗ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಮುಕ್ಕಾಲು ಪಾಲು ಊಟದ್ದೇ ಪ್ರಶ್ನೆ. ತಪ್ಪೇನಿಲ್ಲ ಬಿಡಿ. ಇಪ್ಪತ್ತೆರಡು ವರ್ಷ ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಬುಕ್ ಮಾಡುತ್ತಾ ಕೂತವನು ನಾನು, ಮೊದಲ ಸಲ ವಿದೇಶಕ್ಕೆ ಹೊರಟವರು ಯಾರೂ ಸೀಟು ಎಷ್ಟು ಅಗಲ ಅಂತ ಕೇಳಿದ್ದಿಲ್ಲ, 'ಊಟ ಕೊಡ್ತಾರಾ ಸಾರ್' ಅಂತಲೇ ಕೇಳಿದ್ದು. ಈ ತಿಂಗಳು ಪೂರ್ತಿ ಅದೇ.

ಪ್ರಶ್ನೆ: ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ನನಗೂ ನಮ್ಮ ಯಜಮಾನರಿಗೂ ಬೆಂಗಳೂರಿನಿಂದ ದೋಹಾ ಮೂಲಕ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆದಿದ್ದಾನೆ. ದೋಹಾದಲ್ಲಿ ಐದು ಗಂಟೆ ಕಾಯಬೇಕಂತೆ. ಲೌಂಜಿನಲ್ಲಿ ತಿಂದದ್ದಕ್ಕೆ ದುಡ್ಡು ಕೊಡಬೇಕಾ? ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಚಪಾತಿ ಕಟ್ಟಿಕೊಂಡು ಹೋಗೋಣವಾ?
(ನಿವೃತ್ತ ಶಿಕ್ಷಕಿ, ದಾವಣಗೆರೆ)

ಉತ್ತರ: ದುಡ್ಡು ಕೊಡಬೇಕಿಲ್ಲ ಮೇಡಂ. ಬಾಗಿಲಲ್ಲಿ ಬೋರ್ಡಿಂಗ್ ಪಾಸ್ ತೋರಿಸಿ ಒಳಗೆ ಹೋದ ಮೇಲೆ ಊಟ, ಕಾಫಿ, ಜ್ಯೂಸ್ ಯಾವುದಕ್ಕೂ ಬಿಲ್ ಬರುವುದಿಲ್ಲ. ಎರಡನೇ ಸಲ ತಟ್ಟೆ ಹಿಡಿದುಕೊಂಡು ಹೋದರೆ ಯಾರೂ ತಿರುಗಿ ನೋಡುವುದಿಲ್ಲ.

ಆದರೆ ಹೊರಡುವ ಮುಂಚೆ ಮಗನಿಗೆ ಫೋನ್ ಮಾಡಿ ಒಂದು ಮಾತು ಕೇಳಿ, ಟಿಕೆಟ್ ಯಾವ ದರದ್ದು ಅಂತ. ಬಿಸಿನೆಸ್ ಕ್ಲಾಸ್ ಅಂದರೆ ಲೌಂಜ್ ಇದ್ದೇ ಇರುತ್ತೆ ಅನ್ನುವ ಕಾಲ ಹೋಯಿತು. 2019ರಲ್ಲಿ ಎಮಿರೇಟ್ಸ್, 2020ರಲ್ಲಿ ಕತಾರ್ ಏರ್‌ವೇಸ್ ಲೌಂಜ್ ಇಲ್ಲದ ಅಗ್ಗದ ಬಿಸಿನೆಸ್ ಟಿಕೆಟ್ ಶುರು ಮಾಡಿದವು. ಕತಾರ್‌ನದ್ದಕ್ಕೆ 'ಬಿಸಿನೆಸ್ ಲೈಟ್' ಅಂತ ಹೆಸರು. ಸೀಟು ಅದೇ, ಹಾಸಿಗೆ ಅದೇ, ವಿಮಾನದಲ್ಲಿ ಊಟವೂ ಅದೇ. ಲೌಂಜ್ ಬಾಗಿಲಿಗೆ ಬಂದಾಗ ಮಾತ್ರ 'ಸಾರಿ' ಅನ್ನುತ್ತಾರೆ. ನಮ್ಮ ಏಜೆನ್ಸಿಯಿಂದಲೇ ಟಿಕೆಟ್ ತೆಗೆದುಕೊಂಡ ಒಬ್ಬರು ಈ ಸಣ್ಣ ಅಕ್ಷರ ಓದದೆ ಹೋಗಿ, ಅಲ್ಲಿಂದ ನನಗೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಬೈದದ್ದು ಇನ್ನೂ ಕಿವಿಯಲ್ಲಿದೆ. ಓದಿ ಹೇಳದೆ ಇದ್ದದ್ದು ನನ್ನದೇ ತಪ್ಪು.

ನಿಮ್ಮದು ಪೂರ್ತಿ ದರದ ಟಿಕೆಟ್ ಆಗಿದ್ದರೆ ದೋಹಾದಲ್ಲಿ ಅಲ್ ಮೌರ್ಜಾನ್ ಲೌಂಜ್ ಸಿಗುತ್ತದೆ. 2014ರಲ್ಲಿ ಅಲ್ಲಿನ ಹಮದ್ ವಿಮಾನ ನಿಲ್ದಾಣ ಶುರುವಾದಾಗ ಆದದ್ದು, ಹತ್ತು ಸಾವಿರ ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಎಕರೆ, ನಿಮ್ಮ ಚನ್ನಗಿರಿ ಕಡೆ ಆದರೆ ಒಂದು ಒಳ್ಳೆಯ ಅಡಿಕೆ ತೋಟ. ನಡುವೆ ನೀರಿನ ಕೊಳ ಬೇರೆ. ಆದ್ದರಿಂದ ನಿಮ್ಮ ಯಜಮಾನರು ಕೈ ತೊಳೆಯಲು ಹೋದರೆ ಎಲ್ಲಿ ಕೂತಿದ್ದೀರಿ ಅಂತ ಗುರುತು ಹೇಳಿ ಕಳಿಸಿ. ಡ್ಯೂಟಿ ಫ್ರೀ ಅಂಗಡಿಗಳ ನಡುವೆ 23 ಅಡಿ ಎತ್ತರದ ಹಳದಿ ಕರಡಿ ಬೊಂಬೆ ಕೂತಿದೆ, ತಲೆಗೆ ದೀಪ ಚುಚ್ಚಿಕೊಂಡು. ಅಲ್ಲಿಗೆ ಬಂದು ಬಿಸಿನೆಸ್ ಲೌಂಜ್ ಎಲ್ಲಿ ಅಂತ ಕೇಳಿ, ದಾರಿ ತೋರಿಸುತ್ತಾರೆ.

ಈಗ ಊಟ. ಅರಬರ ತಿಂಡಿಗಳಲ್ಲಿ ಸಸ್ಯಾಹಾರ ಬೇಕಾದಷ್ಟಿದೆ, ನಮಗೆ ಹೆಸರು ಗೊತ್ತಿಲ್ಲ ಅಷ್ಟೇ. ಹಮ್ಮುಸ್ ಅಂದರೆ ಬೇಯಿಸಿದ ಕಾಬೂಲಿ ಕಡಲೆಯನ್ನು ಎಳ್ಳಿನ ಜೊತೆ ನುಣ್ಣಗೆ ರುಬ್ಬಿದ್ದು. ಮುತಬ್ಬಲ್ ಅಂದರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ದೂರದ ನೆಂಟ, ಹುಳಿ ಬದಲು ನಿಂಬೆರಸ, ಒಗ್ಗರಣೆ ಬದಲು ಮೇಲೆ ಆಲಿವ್ ಎಣ್ಣೆ. ಫಲಾಫೆಲ್ ನೋಡಿದ ತಕ್ಷಣ 'ಇದು ಮಸಾಲೆ ವಡೆ' ಅನ್ನುತ್ತೀರಿ. ಲಬ್ನೆ ಅಂದರೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು. ಇವಿಷ್ಟಕ್ಕೆ ಬಿಸಿ ರೊಟ್ಟಿ ಸೇರಿದರೆ ಊಟ ಆಯಿತು.

ಎಚ್ಚರ ಬೇಕಾದದ್ದು ಸೂಪ್ ಮತ್ತು ಅನ್ನದ ಹತ್ತಿರ. ಬೇಳೆ ಸೂಪ್ ನೋಡಲು ನಮ್ಮ ತೊವ್ವೆಯ ಹಾಗೇ ಇರುತ್ತದೆ, ಆದರೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ನಮ್ಮ ದೇಶದಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ನೋಡಿ ಅಭ್ಯಾಸ, ಅಲ್ಲಿ ಆ ಚುಕ್ಕಿ ಇಲ್ಲ. 'ವೆಜಿಟೇರಿಯನ್' ಅಂದರೆ ಕೆಲವರು ಮೊಟ್ಟೆ ಸೇರಿಸಿಯೇ ತಿಳಿಯುತ್ತಾರೆ, ಕೇಕ್, ಪೇಸ್ಟ್ರಿಗಳಲ್ಲಂತೂ ಮೊಟ್ಟೆ ಇದೆ ಅಂತಲೇ ಇಟ್ಟುಕೊಳ್ಳಿ. 'ನೋ ಎಗ್, ನೋ ಚಿಕನ್ ಸ್ಟಾಕ್' ಅಂತ ಐದೇ ಪದ ಕಲಿತುಕೊಂಡರೆ ಸಾಕು. ಬಡಿಸುವವರಲ್ಲಿ ಕೇರಳದವರೋ ನೇಪಾಳದವರೋ ಸಿಕ್ಕರಂತೂ ಹಿಂದಿಯಲ್ಲೇ ಕೇಳಬಹುದು.

ಚಪಾತಿ ನಾಲ್ಕು ಕಟ್ಟಿಕೊಳ್ಳಿ, ಬೇಡ ಅನ್ನುವುದಿಲ್ಲ. ಒಣ ಪದಾರ್ಥಕ್ಕೆ ಸೆಕ್ಯುರಿಟಿಯಲ್ಲಿ ತೊಂದರೆ ಇಲ್ಲ. ಉಪ್ಪಿನಕಾಯಿ, ತುಪ್ಪ, ಗೊಜ್ಜು ಕೈಚೀಲದಲ್ಲಿ ಬೇಡ. ಉಳಿದದ್ದನ್ನು ಡಲ್ಲಾಸ್‌ನಲ್ಲಿ ಇಳಿಯುವ ಮುಂಚೆ ಮುಗಿಸಿ, ಇಲ್ಲವಾದರೆ ಕಸ್ಟಮ್ಸ್‌ನಲ್ಲಿ ಆಹಾರ ಇದೆ ಅಂತ ಬಾಯಿಬಿಟ್ಟು ಹೇಳಿ. ಹೇಳಿದರೆ ಜಾಸ್ತಿ ಅಂದರೆ ತೆಗೆದು ಎಸೆಯುತ್ತಾರೆ, ಮುಚ್ಚಿಟ್ಟರೆ ದಂಡ. ವಿಮಾನದ ಊಟಕ್ಕೆ 'ಏಷ್ಯನ್ ವೆಜಿಟೇರಿಯನ್' ಅಂತ ಒಂದು ದಿನ ಮುಂಚೆಯೇ ಬರೆಸಬೇಕು, ಇದನ್ನೂ ಮಗನಿಗೇ ಹೇಳಿ. ಬಿಸಿನೆಸ್ ಕ್ಲಾಸ್‌ನವರಿಗೆ ಎಲ್ಲ ಸಿಗುತ್ತೆ ಅಂದುಕೊಂಡು ಇದೊಂದನ್ನು ಮರೆಯುವವರೇ ಜಾಸ್ತಿ.

ಪ್ರಶ್ನೆ: ನನ್ನ ಕ್ರೆಡಿಟ್ ಕಾರ್ಡಿಗೆ ಲೌಂಜ್ ಉಚಿತ. ಹೋದ ಶನಿವಾರ ಇಪ್ಪತ್ತೈದು ನಿಮಿಷ ಕ್ಯೂ ನಿಂತು ಒಳಗೆ ಹೋದರೆ ಕೂರಲು ಜಾಗ ಇಲ್ಲ, ಇಡ್ಲಿ ಕಲ್ಲಿನ ಹಾಗಿತ್ತು. ಬಿಸಿನೆಸ್ ಕ್ಲಾಸ್‌ನವರು ಹೋಗುವ ಲೌಂಜ್ ಇದೇನಾ, ಬೇರೆಯಾ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಕೆಲವು ಕಡೆ ಇದೇ, ಕೆಲವು ಕಡೆ ಬೇರೆ. ನೀವು ಕೇಳಿದ ಪ್ರಶ್ನೆಯಲ್ಲೇ ಇಡೀ ಲೌಂಜ್ ವ್ಯಾಪಾರದ ಗುಟ್ಟಿದೆ.

ಲೌಂಜ್‌ಗಳಲ್ಲಿ ಎರಡು ಜಾತಿ. ಒಂದು, ವಿಮಾನ ಕಂಪನಿ ತನ್ನ ಸ್ವಂತ ಊರಿನಲ್ಲಿ ತಾನೇ ಕಟ್ಟಿ ನಡೆಸುವುದು. ದೋಹಾದಲ್ಲಿ ಕತಾರ್, ದುಬೈನಲ್ಲಿ ಎಮಿರೇಟ್ಸ್, ಸಿಂಗಪುರದಲ್ಲಿ ಸಿಂಗಪುರ್ ಏರ್‌ಲೈನ್ಸ್, ಇಸ್ತಾಂಬುಲ್‌ನಲ್ಲಿ ಟರ್ಕಿಶ್ ಹೀಗೆ. ಅಲ್ಲಿ ಲೌಂಜಿನಿಂದಲೇ ಲಾಭ ಬರಬೇಕಿಲ್ಲ. ಲಕ್ಷಗಟ್ಟಲೆ ಕೊಟ್ಟು ಟಿಕೆಟ್ ತೆಗೆದವನು ಮುಂದಿನ ಸಲವೂ ಬರಲಿ ಅಂತ ಮಾಡುವ ಉಪಚಾರ ಅದು, ಮದುವೆ ಮನೆಯಲ್ಲಿ ಬೀಗರ ಪಂಕ್ತಿ ಇದ್ದ ಹಾಗೆ. ಇನ್ನೊಂದು, ಯಾರೋ ಒಬ್ಬ ಗುತ್ತಿಗೆದಾರ ನಡೆಸುವುದು. ನೀವು ಕಾರ್ಡ್ ಉಜ್ಜಿದಾಗ ಎರಡು ರೂಪಾಯಿ ಹೋಗುತ್ತದಲ್ಲ, ಅದು ಕಾರ್ಡ್ ಅಸಲಿಯಾ ಅಂತ ನೋಡುವುದಕ್ಕೆ. ನಿಜವಾದ ದುಡ್ಡನ್ನು ನಿಮ್ಮ ಬ್ಯಾಂಕು ತಲೆಗೆ ಇಷ್ಟು ಅಂತ ಲೆಕ್ಕ ಹಾಕಿ ಲೌಂಜ್‌ನವರಿಗೆ ಕೊಡುತ್ತದೆ. ತಲೆಗೆ ಇಷ್ಟು ಅಂತ ಗೊತ್ತಾದ ಮೇಲೆ ತಟ್ಟೆಗೆ ಎಷ್ಟು ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ. ಆದ್ದರಿಂದ ಪೊಂಗಲ್, ಅವಲಕ್ಕಿ, ಉಪ್ಪಿಟ್ಟು, ಎರಡು ಬಗೆ ಪಲ್ಯ. ವಡೆ ಟ್ರೇ ಬಂದದ್ದನ್ನು ನೋಡಿದ್ದೀರಲ್ಲ, ಇಟ್ಟು ಒಂದು ನಿಮಿಷಕ್ಕೆ ಖಾಲಿ, ಆಮೇಲೆ ಇಪ್ಪತ್ತು ನಿಮಿಷ ಬರಿ ಟ್ರೇ ಹಿಂದೆ ನಿಂತು ಅಡುಗೆಮನೆ ಬಾಗಿಲು ನೋಡುವ ಜನ. ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ಕಾರ್ಡ್ ಇದ್ದವರೆಲ್ಲ ಬರಲು ಶುರುವಾದ ಮೇಲೆ ಬ್ಯಾಂಕುಗಳಿಗೂ ಇದು ಭಾರ ಆಯಿತು. ಈಗ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಸಾವಿರ ಖರ್ಚು ಮಾಡಿದ್ದರೆ ಮಾತ್ರ ಅನ್ನುವ ಷರತ್ತು ಬಹಳ ಕಾರ್ಡುಗಳಿಗೆ ಬಂದಿದೆ. ಬಾಗಿಲಲ್ಲಿ ಅವಮಾನ ಆಗುವ ಮುಂಚೆ ಮನೆಯಲ್ಲೇ ಆ್ಯಪ್ ತೆಗೆದು ನೋಡಿಕೊಳ್ಳಿ.

ನಮ್ಮ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಶುರುವಾದವು. ಅಲ್ಲಿನ ಲೌಂಜಿನ ಹೆಸರು '080', ನಮ್ಮ ಹಳೇ ಎಸ್‌ಟಿಡಿ ಕೋಡ್. ಹೆಸರಿಟ್ಟವರಿಗೆ ಒಂದು ನಮಸ್ಕಾರ. ಹೊರದೇಶದ ಬಹುತೇಕ ಕಂಪನಿಗಳಿಗೆ ಇಲ್ಲಿ ಸ್ವಂತ ಲೌಂಜ್ ಇಲ್ಲ, ತಮ್ಮ ಬಿಸಿನೆಸ್ ಕ್ಲಾಸ್ ಪ್ರಯಾಣಿಕರನ್ನು ಇಂಥ ಹಂಚಿಕೆಯ ಲೌಂಜಿಗೇ ಕಳಿಸುತ್ತವೆ. ಅಂದರೆ ಬೆಂಗಳೂರಿನಲ್ಲಿ ಎರಡು ಲಕ್ಷದ ಟಿಕೆಟ್‌ನವರೂ ಕಾರ್ಡ್‌ನವರೂ ಒಂದೇ ದೋಸೆ ಕಾವಲಿಯ ಮುಂದೆ ನಿಲ್ಲಬಹುದು. ವ್ಯತ್ಯಾಸ ಗೊತ್ತಾಗುವುದು ನಡುವೆ ವಿಮಾನ ಬದಲಿಸುವ ಊರಿನಲ್ಲಿ ಇಳಿದ ಮೇಲೆ.

ಪ್ರಶ್ನೆ: ಹಾಗಾದರೆ ಯಾವ ಊರಿನ ಲೌಂಜಿನಲ್ಲಿ ಏನು ತಿನ್ನಬೇಕು? ಬಫೆಯಲ್ಲಿ ಐವತ್ತು ಪದಾರ್ಥ ನೋಡಿದರೆ ನನಗೆ ತಲೆ ತಿರುಗುತ್ತದೆ.
(ವ್ಯಾಪಾರಿ, ಹಾಸನ)

ಉತ್ತರ: ಆ ಊರಿನವರು ಮನೆಯಲ್ಲಿ ಏನು ತಿನ್ನುತ್ತಾರೋ ಅದನ್ನು. ದೋಹಾದಲ್ಲಿ ಇಡ್ಲಿ ಹುಡುಕಬೇಡಿ, ಸಿಕ್ಕರೂ ಬೇಸರವೇ. ಹಾಂಗ್‌ಕಾಂಗ್‌ನಲ್ಲಿ ಕ್ಯಾಥೆ ಪೆಸಿಫಿಕ್‌ನವರ ಲೌಂಜ್‌ಗಳಲ್ಲಿ ನೂಡಲ್ ಬಾರ್ ಅಂತಲೇ ಒಂದು ಕೌಂಟರ್ ಇದೆ, ಆರ್ಡರ್ ಹೇಳಿದ ಮೇಲೆ ಬಿಸಿಯಾಗಿ ಮಾಡಿಕೊಡುತ್ತಾರೆ. ದಾನ್ ದಾನ್ ನೂಡಲ್ಸ್ ಅಂದರೆ ಖಾರದೆಣ್ಣೆ, ಎಳ್ಳು, ಕಡಲೆಕಾಯಿ ರುಚಿ, ನಮ್ಮ ಉತ್ತರ ಕರ್ನಾಟಕದವರ ನಾಲಿಗೆಗೆ ಅಂತಲೇ ಮಾಡಿದ ಹಾಗಿರುತ್ತದೆ. ಸಾಮಾನ್ಯವಾಗಿ ಮಾಂಸ ಹಾಕಿರುತ್ತಾರೆ, ಸಸ್ಯಾಹಾರಿಗಳು ಕೇಳಿಯೇ ತಗೊಳ್ಳಿ. ಸಿಂಗಪುರದಲ್ಲಿ ಸಿಲ್ವರ್‌ಕ್ರಿಸ್ ಲೌಂಜಿಗೆ ಹೋದರೆ ಲಕ್ಸಾ, ತೆಂಗಿನ ಹಾಲಿನ ಖಾರದ ಶಾವಿಗೆ ಸಾರು. ಕರಾವಳಿಯವರು ಕಣ್ಣು ಮುಚ್ಚಿ ತಿನ್ನಬಹುದು, ಸೀಗಡಿ ಆಗದವರು ಮಾತ್ರ ಕಣ್ಣು ತೆರೆದಿರಬೇಕು.

ಇಸ್ತಾಂಬುಲ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಟರ್ಕಿಶ್ ಏರ್‌ಲೈನ್ಸ್ ಲೌಂಜಿನಲ್ಲಿ ಅಡುಗೆಯವರು ನಿಮ್ಮ ಕಣ್ಣೆದುರೇ ಕೆಲಸ ಮಾಡುತ್ತಾರೆ. ನಾನು ಹೋದಾಗ ಒಬ್ಬ ಹೆಂಗಸು ಉದ್ದನೆಯ ಸಪೂರ ಲಟ್ಟಣಿಗೆಯಲ್ಲಿ ಹಿಟ್ಟನ್ನು ಒಬ್ಬಟ್ಟಿಗಿಂತ ತೆಳ್ಳಗೆ ಹರಡಿ, ಒಳಗೆ ಪಾಲಕ್ಕೂ ಬಿಳಿ ಚೀಸೂ ಉದುರಿಸಿ, ಅರ್ಧಕ್ಕೆ ಮಡಚಿ ದುಂಡನೆಯ ಕಾವಲಿಗೆ ಹಾಕಿದರು. ಅದಕ್ಕೆ ಗೊಜ್ಲೆಮೆ ಅನ್ನುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಕಾಗದದಲ್ಲಿ ಸುತ್ತಿ ಕೊಟ್ಟಾಗ ಎರಡು ಕೈಯಲ್ಲೂ ಹಿಡಿಯಲಾಗದಷ್ಟು ಬಿಸಿ. ಜೊತೆಗೆ ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಹಾಲಿಲ್ಲದ ಕೆಂಪು ಚಹಾ. ನನ್ನ ಹೆಂಡತಿ ಇನ್ನೊಂದು ಕೇಳೋಣ ಅಂದಾಗ ನಾನು ಆಗಲೇ ಎದ್ದು ನಿಂತಿದ್ದೆ.

ಫ್ರಾಂಕ್‌ಫರ್ಟ್, ಮ್ಯೂನಿಕ್‌ನಲ್ಲಿ ಬ್ರೆಡ್ಡು, ಪ್ರೆಟ್ಸೆಲ್, ಆಲೂಗಡ್ಡೆ ಸಲಾಡ್. ಅಷ್ಟೇ ಸಾಕು. ಅವರ 'ಇಂಡಿಯನ್ ಕರಿ' ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿಬಿಡಿ.

ಪ್ರಶ್ನೆ: ಲೌಂಜಿನಲ್ಲಿ ಒಳ್ಳೆ ರುಚಿ ಇದ್ದ ಊಟ ವಿಮಾನದಲ್ಲಿ ಯಾಕೆ ಸಪ್ಪೆ? ಬಿಸಿನೆಸ್ ಕ್ಲಾಸ್‌ನಲ್ಲೂ ಹೀಗೇನಾ?
(ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ)

ಉತ್ತರ: ಫಸ್ಟ್ ಕ್ಲಾಸ್‌ನಲ್ಲೂ ಹಾಗೇ. ತಪ್ಪು ಅಡುಗೆಯವನದ್ದಲ್ಲ, ನಿಮ್ಮ ನಾಲಿಗೆ ಮೂಗಿನದು.

ವಿಮಾನ ಮೂವತ್ತೈದು ಸಾವಿರ ಅಡಿ ಮೇಲಿದ್ದರೂ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟು ಇಡುತ್ತಾರೆ. ಮುಳ್ಳಯ್ಯನಗಿರಿ ತುದಿ ಸುಮಾರು 6,300 ಅಡಿ, ಊಟಿ ಏಳು ಸಾವಿರಕ್ಕೂ ಜಾಸ್ತಿ. ಅಂದರೆ ಊಟಿಯಲ್ಲಿ ಕೂತು ಉಂಡ ಹಾಗೆ. ಆದರೆ ಊಟಿಯ ಮಂಜಿಲ್ಲ, ವಿಮಾನದೊಳಗೆ ತೇವಾಂಶ ಶೇ. 20ಕ್ಕಿಂತ ಕಮ್ಮಿ, ಮೂಗು ಒಣಗಿ ಕಟ್ಟಿದ ಹಾಗಾಗುತ್ತದೆ. ಶೀತ ಆದಾಗ ಅನ್ನ ಸಾರು ರುಚಿ ಗೊತ್ತಾಗುವುದಿಲ್ಲ ಅಲ್ವಾ, ಅದೇ ಕಥೆ. ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾದವರು 2010ರ ಹೊತ್ತಿಗೆ ಅಲ್ಲಿನದೇ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯಿಂದ ಇದನ್ನು ಪರೀಕ್ಷೆ ಮಾಡಿಸಿದರು. ಹಳೇ ಏರ್‌ಬಸ್‌ನ ಒಂದು ತುಂಡನ್ನು ಒತ್ತಡ ಇಳಿಸುವ ಕೋಣೆಯೊಳಗೆ ಇಟ್ಟು, ಜನರನ್ನು ಕೂರಿಸಿ ಊಟ ಕೊಟ್ಟರು. ಉಪ್ಪಿನ ರುಚಿ ಶೇ. 20ರಿಂದ 30, ಸಿಹಿ ಶೇ. 15ರಿಂದ 20 ಕಮ್ಮಿ ಗೊತ್ತಾಗುತ್ತದೆ ಅಂತ ಕಂಡುಬಂತು. ಟೊಮೆಟೊ ಜ್ಯೂಸ್ ಮಾತ್ರ ಉಲ್ಟಾ, ನೆಲದ ಮೇಲೆ ಮಣ್ಣು ವಾಸನೆ ಅಂದವರೇ ಮೇಲೆ ಹೋದಾಗ ಚೆನ್ನಾಗಿದೆ ಅಂದರು. ಜೊತೆಗೆ ವಿಮಾನದ ಊಟ ಕೆಳಗೆ ಬೇಯಿಸಿ, ತಣ್ಣಗೆ ಮಾಡಿ, ಮೇಲೆ ಮತ್ತೆ ಬಿಸಿ ಮಾಡಿದ್ದು. ನೆನ್ನೆಯ ಚಿತ್ರಾನ್ನ ಇವತ್ತು ಬಿಸಿ ಮಾಡಿದರೆ ಹೇಗಿರುತ್ತೆ ಅಂತ ನಿಮಗೇ ಗೊತ್ತು.

ಆದ್ದರಿಂದಲೇ ನಾನು ಎಲ್ಲರಿಗೂ ಹೇಳುವುದು, ರಾತ್ರಿ ವಿಮಾನವಾದರೆ ಊಟ ನೆಲದ ಮೇಲೆ ಮುಗಿಸಿ, ಹತ್ತಿದ ತಕ್ಷಣ ಮಲಗಿ. ಬೆಂಗಳೂರಿನಿಂದ ಯೂರೋಪಿಗೂ ಗಲ್ಫ್‌ಗೂ ಹೋಗುವ ಎಷ್ಟೋ ವಿಮಾನ ಹೊರಡುವುದು ನಡುರಾತ್ರಿ ಮೇಲೆಯೇ. ಬಿಸಿನೆಸ್ ಕ್ಲಾಸ್‌ನಲ್ಲಿ ದುಡ್ಡು ಕೊಡುವುದು ಚಪ್ಪಟೆಯಾಗುವ ಹಾಸಿಗೆಗೆ, ಅದನ್ನು ಬಿಟ್ಟು ಬೆಳಗಿನ ಜಾವ ನಾಲ್ಕು ಗಂಟೆಗೆ ಬಟ್ಟೆ ಹಾಸಿದ ಟ್ರೇ ಮುಂದೆ ಕೂತು ಮೂರು ಬಗೆ ಚೀಸ್ ತಿನ್ನುವುದು ಯಾವ ಸುಖ? ದೋಹಾಗೆ ಇಲ್ಲಿಂದ ಇರುವುದೇ ನಾಲ್ಕೂವರೆ ಗಂಟೆ. ಊಟ, ಕಾಫಿ, ಬಿಸಿ ಟವೆಲ್ ಅಂತ ಕೂತರೆ ನಿದ್ದೆಗೆ ಉಳಿಯುವುದು ಎರಡು ಗಂಟೆ. ಕಂಪನಿಗಳಿಗೂ ಇದು ಗೊತ್ತು. ನ್ಯೂಯಾರ್ಕ್‌ನಿಂದ ಲಂಡನ್ನಿಗೆ ರಾತ್ರಿ ಹೊರಡುವವರಿಗೆ ಬ್ರಿಟಿಷ್ ಏರ್‌ವೇಸ್ ಲೌಂಜಿನಲ್ಲೇ ರಾತ್ರಿಯೂಟ ಬಡಿಸುವ ಪದ್ಧತಿ ಮಾಡಿದ್ದು ಇದಕ್ಕೇ. ಹತ್ತಿದಾಗ ಗಗನಸಖಿಗೆ 'ಊಟಕ್ಕೆ ಎಬ್ಬಿಸಬೇಡಿ' ಅಂತ ಒಂದು ಮಾತು ಹೇಳಿ ಮಲಗಿ.

ಲೌಂಜಿನಲ್ಲಿ ಊಟ ಅಂದರೆ ಬಿರಿಯುವ ಹಾಗಲ್ಲ. ಮೇಲೆ ಹೋದಾಗ ಒತ್ತಡ ಇಳಿಯುವುದರಿಂದ ಹೊಟ್ಟೆಯೊಳಗಿನ ಗಾಳಿ ಮೂರರಲ್ಲೊಂದು ಪಾಲಿನಷ್ಟು ಹಿಗ್ಗಬಹುದು. ಅವರೆಕಾಳು, ಕಡಲೆ, ಎಲೆಕೋಸು, ಸೋಡಾ ಇವೆಲ್ಲ ಪಕ್ಕದ ಸೀಟಿನವರಿಗೂ ಕಷ್ಟ. ಮೇಲೆ ದಾವಣಗೆರೆ ಮೇಡಂಗೆ ಹಮ್ಮುಸ್ ತಿನ್ನಿ ಅಂದವನು ನಾನೇ, ಗೊತ್ತು. ಎರಡು ಚಮಚ ಸಾಕು ಮೇಡಂ.

ಪ್ರಶ್ನೆ: ಲೌಂಜಿನಲ್ಲಿ ಡ್ರಿಂಕ್ಸ್ ಎಷ್ಟು ಬೇಕಾದರೂ ಕೊಡ್ತಾರಂತೆ ಹೌದಾ? ಗಲ್ಫ್ ಕಂಪನಿಗಳಲ್ಲೂ ಸಿಗುತ್ತಾ?
(ಓದುಗರು, ಮಂಗಳೂರು)

ಉತ್ತರ: ದೋಹಾ, ದುಬೈ, ಅಬುಧಾಬಿಯ ಕಂಪನಿ ಲೌಂಜ್‌ಗಳಲ್ಲಿ ಸಿಗುತ್ತದೆ, ದುಬೈನಲ್ಲಿ ಎಮಿರೇಟ್ಸ್‌ನವರು ಶಾಂಪೇನನ್ನೇ ಕೊಡುತ್ತಾರೆ. ಸೌದಿಯಾ, ಕುವೈತ್ ಏರ್‌ವೇಸ್‌ನಲ್ಲಿ ಇಲ್ಲ, ಲೌಂಜಿನಲ್ಲೂ ಇಲ್ಲ ವಿಮಾನದಲ್ಲೂ ಇಲ್ಲ. ನಮ್ಮ ದೇಶದ ಕಾರ್ಡ್ ಲೌಂಜ್‌ಗಳಲ್ಲಿ ಬಹಳ ಕಡೆ ಮದ್ಯಕ್ಕೆ ಬೇರೆ ದುಡ್ಡು. 'ಎಷ್ಟು ಬೇಕಾದರೂ' ಅನ್ನುವುದಕ್ಕೆ ಮಿತಿ ಹಾಕುವವರು ಬಾರ್‌ನವರಲ್ಲ, ಗೇಟ್‌ನವರು. ಕಾಲು ತಡವರಿಸಿದರೆ ಹತ್ತಿಸಿಕೊಳ್ಳದೆ ಇರುವ ಹಕ್ಕು ಅವರಿಗಿದೆ, ಬಿಸಿನೆಸ್ ಕ್ಲಾಸ್ ಅಂತ ರಿಯಾಯಿತಿ ಇಲ್ಲ. ಆ ಒಣ ಗಾಳಿಯಲ್ಲಿ ಎರಡು ಪೆಗ್ ಹಾಕಿ ಮಲಗಿದರೆ ಏಳುವಾಗ ಬಾಯಿ ಹಪ್ಪಳ. ಗಲ್ಫ್ ಕಡೆ ಲೆಮನ್ ಮಿಂಟ್ ಅಂತ ಕೊಡುತ್ತಾರೆ, ನಿಂಬೆಹಣ್ಣು, ಪುದೀನ, ಐಸ್ ಹಾಕಿ ರುಬ್ಬಿದ್ದು, ಹಸಿರು ನೊರೆ ಬರುತ್ತದೆ. ನನ್ನ ಓಟು ಅದಕ್ಕೆ.

ಕುಡಿಯುವವರಿಗೂ ಒಂದು ಕಥೆ ಇರಲಿ. ಐರಿಶ್ ಕಾಫಿ ಹುಟ್ಟಿದ್ದೇ ವಿಮಾನ ಪ್ರಯಾಣಿಕರಿಗಾಗಿ. ಐರ್ಲೆಂಡಿನ ಫಾಯ್ನ್ಸ್‌ನಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳ ನಿಲ್ದಾಣ ಇತ್ತು. 1943ರ ಚಳಿಗಾಲದ ಒಂದು ರಾತ್ರಿ ಹವೆ ಕೆಟ್ಟು ವಿಮಾನ ವಾಪಸ್ ಬಂತಂತೆ, ನಡುಗುತ್ತಾ ಬಂದ ಜನಕ್ಕೆ ಜೋ ಶೆರಿಡನ್ ಅನ್ನುವ ಅಡುಗೆಯವನು ಕಾಫಿಗೆ ವಿಸ್ಕಿ ಬೆರೆಸಿ ಮೇಲೆ ಕೆನೆ ಹಾಕಿ ಕೊಟ್ಟನಂತೆ. ಇದು ಬ್ರೆಜಿಲ್ ಕಾಫಿಯಾ ಅಂತ ಯಾರೋ ಕೇಳಿದ್ದಕ್ಕೆ, ಅಲ್ಲ, ಐರಿಶ್ ಕಾಫಿ ಅಂದನಂತೆ.

ಪ್ರಶ್ನೆ: ಲೌಂಜಿನಲ್ಲಿ ಫಿಲ್ಟರ್ ಕಾಫಿ ಸಿಗುತ್ತಾ?
(ಕಾಫಿ ಬೆಳೆಗಾರರು, ಚಿಕ್ಕಮಗಳೂರು)

ಉತ್ತರ: ನಿಮಗೆ ಸುಳ್ಳು ಹೇಳಿದರೆ ಪಾಪ ಬರುತ್ತದೆ. ದೇಶ ದಾಟಿದ ಮೇಲೆ ಸಿಗುವುದಿಲ್ಲ, ಗುಂಡಿ ಒತ್ತುವ ಮಷೀನೇ. ದೋಹಾ, ದುಬೈ ಕಡೆ ಗಹ್ವಾ ಕೇಳಿ ನೋಡಿ. ಏಲಕ್ಕಿ ಹಾಕಿದ ತಿಳಿ ಕಾಫಿ, ಹಾಲಿಲ್ಲ, ಸಕ್ಕರೆ ಇಲ್ಲ, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಖರ್ಜೂರದ ಜೊತೆ. ಕುಡಿದಷ್ಟೂ ಮತ್ತೆ ಸುರಿಯುತ್ತಾರೆ, ಸಾಕು ಅನ್ನುವುದಕ್ಕೆ ಬಟ್ಟಲನ್ನು ಆಚೀಚೆ ಅಲ್ಲಾಡಿಸಬೇಕು. ಬಾಬಾ ಬುಡನ್ ನಿಮ್ಮ ಗಿರಿಗೆ ಬೀಜ ತಂದದ್ದು ಅದೇ ಸೀಮೆಯ ಯೆಮನ್‌ನಿಂದ ಅನ್ನುವ ಕಥೆ ನಿಮಗೇ ಚೆನ್ನಾಗಿ ಗೊತ್ತು.

ಅದೂ ಆಗದಿದ್ದರೆ ನನ್ನ ಗೆಳೆಯನೊಬ್ಬನ ಉಪಾಯ ಇದೆ. 100 ಎಂಎಲ್ ಬಾಟಲಿಯಲ್ಲಿ ಗಟ್ಟಿ ಡಿಕಾಕ್ಷನ್ ತುಂಬಿ, ಟೂತ್‌ಪೇಸ್ಟ್ ಶಾಂಪೂ ಜೊತೆ ಪಾರದರ್ಶಕ ಚೀಲದಲ್ಲಿ ಇಟ್ಟುಕೊಳ್ಳುತ್ತಾನೆ, ಅಷ್ಟರವರೆಗೆ ದ್ರವ ಒಯ್ಯಬಹುದು. ಲೌಂಜಿನ ಮಷೀನಿನಲ್ಲಿ ಬಿಸಿ ಹಾಲಿನ ಗುಂಡಿ ಇರುತ್ತದಲ್ಲ. ಮೂರು ಲೋಟ ಆಗುತ್ತದೆ. ಒಂದು ಸಲ ಸೆಕ್ಯುರಿಟಿಯಲ್ಲಿ ಬಾಟಲಿ ತೆಗೆದು ಮೂಸಿ ನೋಡಿದ ಹುಡುಗ 'ಇದು ಯಾವ ಎಣ್ಣೆ ಸಾರ್' ಅಂತ ಕೇಳಿದನಂತೆ.

ಪ್ರಶ್ನೆ: ಎರಡು ವರ್ಷದ ಮಗು ಕರೆದುಕೊಂಡು ದುಬೈ ಮೂಲಕ ಮ್ಯಾಂಚೆಸ್ಟರ್‌ಗೆ ಹೋಗುತ್ತಿದ್ದೇನೆ. ಆರು ಗಂಟೆ ಕಾಯಬೇಕು. ಲೌಂಜಿನಲ್ಲಿ ಮಗುವಿಗೆ ಸ್ನಾನ ಮಾಡಿಸಬಹುದಾ?
(ಗೃಹಿಣಿ, ಮೈಸೂರು)

ಉತ್ತರ: ಮಾಡಿಸಬಹುದು, ನನ್ನನ್ನು ಕೇಳಿದರೆ ಲೌಂಜಿನಲ್ಲಿ ಊಟಕ್ಕಿಂತ ದೊಡ್ಡ ಸುಖ ಅದೇ. ಆದರೆ ಒಳಗೆ ಹೋದ ತಕ್ಷಣ ಮೊದಲು ಶವರ್‌ಗೆ ಹೆಸರು ಬರೆಸಿ, ಆಮೇಲೆ ತಿಂಡಿ. ನಡುರಾತ್ರಿ ಹೊತ್ತಿಗೆ ದುಬೈನಲ್ಲಿ ಎಲ್ಲ ದಿಕ್ಕಿನ ವಿಮಾನ ಒಟ್ಟಿಗೆ ಬಂದಿರುತ್ತವೆ, ಊಟ ಮುಗಿಸಿ ಹೋದರೆ ಕಾಯಬೇಕಾಗುತ್ತದೆ. ಟವೆಲ್, ಸೋಪು ಅವರೇ ಕೊಡುತ್ತಾರೆ. ಬಕೆಟ್ಟು ಚೊಂಬು ಇರುವುದಿಲ್ಲ, ಮಗು ಶವರ್‌ಗೆ ಹೆದರುತ್ತದೆ ಅಂದರೆ ಪುಟ್ಟ ಪ್ಲಾಸ್ಟಿಕ್ ಮಗ್ ಒಂದನ್ನು ಕೈಚೀಲಕ್ಕೆ ಹಾಕಿಕೊಳ್ಳಿ. ನಗಬೇಡಿ, ನನ್ನ ತಂಗಿ ಎಲ್ಲಿ ಹೋದರೂ ಒಯ್ಯುತ್ತಾಳೆ.

ಸಿಕ್ಕಿದ ಸೋಫಾದಲ್ಲಿ ಕೂರದೆ, ಮಕ್ಕಳ ಆಟದ ಜಾಗ ಎಲ್ಲಿದೆ ಅಂತ ಕೇಳಿ ಅದರ ಹತ್ತಿರ ಕೂರಿ. ದುಬೈ ನಿಲ್ದಾಣದ 'ಎ' ಕಾನ್‌ಕೋರ್ಸ್, ಅಂದರೆ ಗೇಟ್‌ಗಳಿರುವ ಕಟ್ಟಡ, 2013ರಲ್ಲಿ ಎರಡಂತಸ್ತಿನ ಎ380 ವಿಮಾನಗಳಿಗಾಗಿಯೇ ಶುರುವಾದದ್ದು, ಅಲ್ಲಿ ಬಿಸಿನೆಸ್ ಲೌಂಜ್ ಒಂದು ಇಡೀ ಅಂತಸ್ತು, ಲೌಂಜಿನಿಂದಲೇ ನೇರ ವಿಮಾನದ ಮೇಲಂತಸ್ತಿಗೆ ಹತ್ತುವ ಗೇಟ್‌ಗಳಿವೆ. ನಮ್ಮ ಬೆಂಗಳೂರಿಗೂ 2022ರ ಅಕ್ಟೋಬರ್‌ನಿಂದ ಎ380 ಬರುತ್ತಿದೆ. ಮಗುವಿನ ಊಟಕ್ಕೆ ಮೊಸರು, ಬಾಳೆಹಣ್ಣು, ಬಿಳಿ ಅನ್ನ ಮೂರೂ ಸಾಮಾನ್ಯವಾಗಿ ಸಿಗುತ್ತವೆ.

ಸ್ನಾನದ ಮಾತು ಬಂತಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಫಿನ್ಏರ್‌ನವರ ಪ್ಲಾಟಿನಂ ವಿಂಗ್ ಲೌಂಜಿನಲ್ಲಿ ಸೌನಾನೇ ಇದೆ, ಕೂತು ಬೆವರಿಳಿಸುವ ಬಿಸಿ ಕೋಣೆ. ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾ ಫಸ್ಟ್ ಕ್ಲಾಸ್‌ನವರಿಗೆ ಅಂತ 2004ರಲ್ಲಿ ಒಂದು ಟರ್ಮಿನಲ್ಲನ್ನೇ ಮಾಡಿದರು, ಅಲ್ಲಿ ಬಾತ್‌ಟಬ್ ಜೊತೆ ರಬ್ಬರ್ ಬಾತುಕೋಳಿ ಕೊಡುತ್ತಾರೆ. ದೊಡ್ಡ ದೊಡ್ಡ ಕಂಪನಿ ಯಜಮಾನರು ಆ ಬಾತುಕೋಳಿ ಬ್ಯಾಗಿಗೆ ಹಾಕಿಕೊಂಡು ಬರುತ್ತಾರಂತೆ, ಸಂಗ್ರಹಕ್ಕೆ.

ಪ್ರಶ್ನೆ: ಪಂಚೆ ಉಟ್ಟುಕೊಂಡು ಹೋದರೆ ಒಳಗೆ ಬಿಡುತ್ತಾರಾ? ತಿಂದು ಉಳಿದದ್ದನ್ನು ಕಟ್ಟಿಕೊಂಡು ಬರಬಹುದಾ?
(ಕೃಷಿಕರು, ಕಲಬುರಗಿ)

ಉತ್ತರ: ಧಾರಾಳವಾಗಿ ಬಿಡುತ್ತಾರೆ, ಗಲ್ಫ್ ಲೌಂಜಿನಲ್ಲಿ ಅರ್ಧ ಜನ ಉದ್ದನೆಯ ಬಿಳಿ ನಿಲುವಂಗಿಯಲ್ಲೇ ಇರುತ್ತಾರೆ, ನಿಮ್ಮ ಬಿಳಿ ಪಂಚೆ ಅವರಿಗೆ ನೆಂಟನ ಹಾಗೆ ಕಾಣುತ್ತದೆ. ಕಟ್ಟಿಕೊಂಡು ಬರುವುದು ಮಾತ್ರ ನಿಯಮಕ್ಕೆ ವಿರುದ್ಧ. ಒಂದು ಬಾಳೆಹಣ್ಣು, ಒಂದು ನೀರಿನ ಬಾಟಲಿಗೆ ಯಾರೂ ಏನೂ ಅನ್ನುವುದಿಲ್ಲ. ಡಬ್ಬಿ ತೆಗೆಯಬೇಡಿ.

ಪ್ರಶ್ನೆ: ಈ ಲೌಂಜ್ ಶುರು ಮಾಡಿದವರು ಯಾರು?
(ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಅಮೆರಿಕನ್ ಏರ್‌ಲೈನ್ಸ್, 1939ರಲ್ಲಿ, ನ್ಯೂಯಾರ್ಕ್‌ನ ಲಾಗ್ವಾರ್ಡಿಯಾದಲ್ಲಿ. ಹೆಸರು 'ಅಡ್ಮಿರಲ್ಸ್ ಕ್ಲಬ್'. ಮೊದಮೊದಲು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ, ಕಂಪನಿಯವರೇ ಕರೆದವರಿಗೆ ಮಾತ್ರ. ಸದಸ್ಯತ್ವಕ್ಕೆ ದುಡ್ಡು ತಗೊಳ್ಳುವ ಪದ್ಧತಿ ಆಮೇಲಿನದು, ಕಾರ್ಡ್ ಉಜ್ಜುವುದು ಇನ್ನೂ ಆಮೇಲೆ.

ಪ್ರಶ್ನೆ: ಲೌಂಜಿನಲ್ಲಿ ಕಣ್ಣು ಹತ್ತಿಬಿಟ್ಟರೆ ವಿಮಾನದ ಹೊತ್ತಿಗೆ ಅವರೇ ಎಬ್ಬಿಸುತ್ತಾರಾ?
(ಎಂಜಿನಿಯರ್, ಬೆಳಗಾವಿ)

ಉತ್ತರ: ಇಲ್ಲ. ಇದನ್ನು ನಾನು ದುಡ್ಡು ಕೊಟ್ಟು ಕಲಿತದ್ದು. ಈಗ ಬಹಳಷ್ಟು ಲೌಂಜ್‌ಗಳಲ್ಲಿ ಮೈಕಿನಲ್ಲಿ ಕೂಗುವುದಿಲ್ಲ, ಗಲಾಟೆ ಬೇಡ ಅಂತ. ಗೋಡೆಯ ಮೇಲೆ ಟಿವಿಯಲ್ಲಿ ಬರುತ್ತಿರುತ್ತದೆ, ನೋಡಿಕೊಳ್ಳಬೇಕು ಅಷ್ಟೇ. ಕೆಲವು ಕಡೆ ಎಬ್ಬಿಸಿ ಅಂತ ಕೇಳಿದರೆ ಬಂದು ಎಬ್ಬಿಸುತ್ತಾರೆ, ಆದರೆ ಕೇಳಬೇಕಲ್ಲ.

ಯೂರೋಪಿನ ಒಂದು ದೊಡ್ಡ ನಿಲ್ದಾಣ, ಹೆಸರು ಬೇಡ. ಚೆನ್ನಾಗಿ ಸೂಪ್ ಕುಡಿದು, ಕಾಲು ಚಾಚುವ ಕುರ್ಚಿಯಲ್ಲಿ ಹತ್ತು ನಿಮಿಷ ಅಂತ ಒರಗಿದೆ. ಎಚ್ಚರವಾದಾಗ ಎದುರಿನ ಟಿವಿಯಲ್ಲಿ ನನ್ನ ವಿಮಾನದ ಮುಂದೆ ಕೆಂಪಕ್ಷರದಲ್ಲಿ 'ಗೇಟ್ ಕ್ಲೋಸ್ಡ್'. ಲೌಂಜಿನಿಂದ ಗೇಟಿಗೆ ಹದಿನೈದು ನಿಮಿಷದ ದಾರಿ, ಅದರಲ್ಲಿ ಒಂದು ರೈಲು ಬೇರೆ. ಓಡಿದೆ. ಗಾಜಿನ ಆಚೆ ವಿಮಾನ ನಿಂತೇ ಇತ್ತು, ಬಾಗಿಲು ಮಾತ್ರ ಹಾಕಿಯಾಗಿತ್ತು. ಇಡೀ ಜೀವನ ಗಿರಾಕಿಗಳಿಗೆ 'ಗೇಟಿಗೆ ನಲವತ್ತೈದು ನಿಮಿಷ ಮುಂಚೆ ಹೋಗಿ ಸಾರ್' ಅಂತ ಹೇಳಿದವನು, ಅಲ್ಲಿ ಕಿಟಕಿಗೆ ಮೂಗು ಒತ್ತಿ ನಿಂತಿದ್ದೆ. ಮುಂದಿನ ವಿಮಾನ ಒಂಬತ್ತು ಗಂಟೆ ಬಿಟ್ಟು, ಅದರಲ್ಲೂ ಸೀಟು ಇದ್ದದ್ದು ಎಕಾನಮಿಯಲ್ಲಿ. ಹಾಳಾಗಲಿ, ಆ ಕುರ್ಚಿಯಲ್ಲೇ ಹೋಗಿ ಮಲಗೋಣ ಅಂತ ಲೌಂಜಿಗೆ ವಾಪಸ್ ಬಂದರೆ, ಬಾಗಿಲಲ್ಲಿದ್ದ ಹುಡುಗಿ ಹೊಸ ಬೋರ್ಡಿಂಗ್ ಪಾಸನ್ನು ತಿರುಗಿಸಿ ನೋಡಿ, ಬಹಳ ಮರ್ಯಾದೆಯಿಂದ, ಕೆಳಗಿನ ಮಹಡಿಯಲ್ಲಿ ಒಳ್ಳೆಯ ಸ್ಯಾಂಡ್‌ವಿಚ್ ಅಂಗಡಿ ಇದೆ ಅಂದಳು.